ಕೂಪರ್ ಕ್ರೀಕ್ ದಂಡೆಯಲ್ಲಿ ಆರು ರಾತ್ರಿ, ಬಾಡಿಗೆ ಇಲ್ಲದೆ: ನನ್ನ ಅನುಭವ

ಕ್ಯಾರವಾನ್ ಇಲ್ಲ, ಜನರೇಟರ್ ಇಲ್ಲ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಪುಟ್ಟ ಊರು ವಿಂಡೋರಾದಲ್ಲಿ ಎರಡು ರಾತ್ರಿಗಿಂತ ಹೆಚ್ಚು ನಿಲ್ಲೋಕಾಗಲ್ಲ ಅಂದವರೇ ಎಲ್ಲ. ಜುಲೈನಲ್ಲಿ, ಅಂದರೆ ಇಲ್ಲಿನ ಚಳಿಗಾಲದಲ್ಲಿ, ಕಾರು, ಟೆಂಟ್ ಇಟ್ಟುಕೊಂಡು ಇಬ್ಬರು ಆರು ರಾತ್ರಿ ನಿಂತೆವು. ಫ್ರಿಜ್ ಒಂದು ಸಲವೂ ಆರಲಿಲ್ಲ. ಹೊರಡುವ ಬೆಳಿಗ್ಗೆ 20 ಲೀಟರಿನ ಒಂದು ನೀರಿನ ಕ್ಯಾನ್ ಮುಚ್ಚಳ ತೆಗೆಯದೆ ಹಾಗೇ ಇತ್ತು. ಅದಕ್ಕೂ ಮುಂಚಿನ ಎರಡು ಪ್ರಯತ್ನ ಕೆಟ್ಟಿದ್ದವು, ಎರಡೂ ಸಲ ದೋಷ ಇದ್ದದ್ದು ವೈರಿನಲ್ಲೇ.

ಮೊದಲು ಜಾಗದ ವಿಷಯ. ಬ್ರಿಸ್ಬೇನ್‌ನಿಂದ 1,200 ಕಿ.ಮೀ. ಹತ್ತಿರ. ಥಾಮ್ಸನ್, ಬಾರ್ಕೂ ಎರಡು ನದಿ ಊರಿನ ಉತ್ತರಕ್ಕೆ ಕೂಡಿ ಕೂಪರ್ ಕ್ರೀಕ್ ಅನ್ನುವ ಹೊಳೆ ಆಗುತ್ತದೆ. ಊರಿನಿಂದ ಪೂರ್ವಕ್ಕೆ ಹತ್ತು ಕಿ.ಮೀ. ಬಂದರೆ ಅದರ ದಂಡೆ. ನೆಲ ಪೂರ್ತಿ ಎರೆ. ಗದಗ, ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಹತ್ತು ಮಿ.ಮೀ. ಮಳೆ ಬಿದ್ದರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಕದಲುವುದಿಲ್ಲ. ಆದ್ದರಿಂದ ಕಾರನ್ನು ಎತ್ತರದ ಗಟ್ಟಿ ನೆಲದಲ್ಲಿ, ಮುಖ ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿ. ಇಲ್ಲಿ ಆಕಾಶ ನೀಲಿಯಾಗಿದ್ದರೂ ಹೊಳೆ ಏರಬಹುದು, ಮಳೆ ಬಿದ್ದಿರುವುದು ಮೇಲೆ ನೂರಾರು ಕಿ.ಮೀ. ದೂರದಲ್ಲಿ. ಹೊರಡುವ ಮುನ್ನ ಹವಾಮಾನ ಇಲಾಖೆಯ ನದಿಮಟ್ಟ ನೋಡಿಕೊಳ್ಳಿ. ಟೆಂಟನ್ನು ದೊಡ್ಡ ಮರದ ಕೊಂಬೆಗಳ ಕೆಳಗೆ ಹಾಕಲೇಬೇಡಿ, ಗಾಳಿಯೇ ಇಲ್ಲದ ದಿನವೂ ಗಮ್ ಮರ (ನೀಲಗಿರಿ ಜಾತಿಯದು) ಕೊಂಬೆ ಕಳಚುತ್ತದೆ. ನಾವು ಯಾವ ತಿರುವಿನಲ್ಲಿ ಇಳಿದೆವು ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈಗ ಕರೆಂಟಿನ ವಿಷಯ. ಮೊದಲ ಸಲ 100 ಆಂಪ್-ಅವರ್ ಸಾಮರ್ಥ್ಯದ ಎಜಿಎಂ (ಸೀಲ್ ಮಾಡಿದ ಸೀಸದ) ಬ್ಯಾಟರಿ, 40 ಲೀಟರ್ ಕಂಪ್ರೆಸರ್ ಫ್ರಿಜ್. ಬ್ಯಾಟರಿ ಇನ್ನೂ ಅರ್ಧ ತುಂಬಿರುವಾಗಲೇ ಫ್ರಿಜ್ ಆರುತ್ತಿತ್ತು. ಎಲ್ಲರೂ ಬ್ಯಾಟರಿ ಬದಲಿಸು ಅಂದರು. ಮೀಟರ್ ಹಿಡಿದು ಅಳೆದರೆ ಬ್ಯಾಟರಿ ತುದಿಯಲ್ಲಿ 12 ವೋಲ್ಟ್, ಫ್ರಿಜ್ ತುದಿಯಲ್ಲಿ 11.2ರ ಸುಮಾರು. ಹಿಂಬದಿ ಸಾಕೆಟ್‌ಗೆ ಬರುವ ತೆಳು ವೈರು, ಕಾರಿನ ಸಿಗರೇಟ್ ಲೈಟರ್ ಪ್ಲಗ್ಗಿನ ಸಡಿಲು ಸೇರಿ ಮುಕ್ಕಾಲು ವೋಲ್ಟ್ ನುಂಗುತ್ತಿದ್ದವು. ಕಡಿಮೆ ವೋಲ್ಟೇಜ್ ಅಂತ ಫ್ರಿಜ್ ತಾನೇ ಆಫ್ ಆಗುತ್ತಿತ್ತು. ಆ ಪ್ಲಗ್ ಕಿತ್ತು ಬಿಗಿಯಾಗಿ ಕೂರುವ ಆ್ಯಂಡರ್ಸನ್ ಪ್ಲಗ್ ಹಾಕಿ, ಬ್ಯಾಟರಿ ಬುಡದಲ್ಲೇ ಫ್ಯೂಸ್ ಇಟ್ಟು ದಪ್ಪ ವೈರು ಎಳೆದೆ. ಒಂದು ಎಚ್ಚರ: ಇಲ್ಲಿನ ಅಂಗಡಿಯ ‘6 ಎಂಎಂ’ ಆಟೋ ವೈರು ಅಂದರೆ ಪ್ಲಾಸ್ಟಿಕ್ ಸೇರಿದ ಹೊರ ಅಳತೆ. ಒಳಗಿನ ತಾಮ್ರ ನಾಲ್ಕೂವರೆ ಚದರ ಮಿ.ಮೀ. ಅಷ್ಟೇ.

ಎರಡನೇ ಸಲ ಲಿಥಿಯಂ ಬ್ಯಾಟರಿ, 160 ವಾಟ್ ಮಡಚುವ ಸೋಲಾರ್ ಪ್ಯಾನೆಲ್. ಆದರೂ ಬ್ಯಾಟರಿ ತುಂಬಲಿಲ್ಲ. ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಪ್ಯಾನೆಲ್ ಬೆನ್ನಿಗಿತ್ತು, ಅಲ್ಲಿಂದ ಬ್ಯಾಟರಿಗೆ ಹತ್ತು ಮೀಟರ್ ವೈರು. ರೆಗ್ಯುಲೇಟರ್ ತನ್ನ ಬಳಿಯ ವೋಲ್ಟೇಜ್ ನೋಡಿ ‘ತುಂಬಿತು’ ಅಂದುಕೊಳ್ಳುತ್ತಿತ್ತು. ಅದನ್ನು ಕಳಚಿ ಬ್ಯಾಟರಿ ಪಕ್ಕದಲ್ಲಿ ಕೂರಿಸಿದೆ. ಉದ್ದದ ವೈರು ಪ್ಯಾನೆಲ್ ಕಡೆ ಇರಲಿ, ಅಲ್ಲಿ 18 ವೋಲ್ಟ್ ಇರುವುದರಿಂದ ಸ್ವಲ್ಪ ಸೋರಿದರೂ ನಡೆಯುತ್ತದೆ. ಇನ್ನು, ಕರ್ನಾಟಕದಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿಟ್ಟು ರೂಢಿಯಾದ ಕೈ ಇಲ್ಲಿ ಉತ್ತರಕ್ಕೆ ತಿರುಗಿಸಬೇಕು. ಚಳಿಗಾಲದ ನಡುಹಗಲಲ್ಲೂ ಸೂರ್ಯ 41 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತಾನೆ. ಪ್ಯಾನೆಲ್ ಮಲಗಿಸಿದರೆ ದಿನಕ್ಕೆ 38 ಆಂಪ್-ಅವರ್ ಸಿಕ್ಕಿತು, 45 ಡಿಗ್ರಿ ಎತ್ತಿ ನಿಲ್ಲಿಸಿದಾಗ 50 ದಾಟಿತು. ಫ್ರಿಜ್, ದೀಪ, ಫೋನ್ ಎಲ್ಲ ಸೇರಿ ಖರ್ಚು 35ರ ಹತ್ತಿರ. ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ, ಕಣ್ಣಿಡಿ.

ನೀರು 80 ಲೀಟರ್, 20ರ ನಾಲ್ಕು ಕ್ಯಾನ್. ಮುಂಚೆ ಒಂದೇ 60 ಲೀಟರ್ ಟ್ಯಾಂಕ್ ಇತ್ತು. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಅದರ ನಲ್ಲಿ ಸಡಿಲಗೊಂಡು ದಾರಿಯಲ್ಲೇ ಬರಿದಾಯಿತು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಸಾಕು. ನಾಲ್ಕನೇ ಕ್ಯಾನ್ ರಸ್ತೆ ಮುಚ್ಚಿದರೆ ಮಾತ್ರ.

ಪಾತ್ರೆ, ಸ್ನಾನಕ್ಕೆ ಹೊಳೆಯ ನೀರು. ಅದು ಹಾಲು ಹಾಕಿದ ಚಹಾದ ಬಣ್ಣ, ಜೇಡಿ ಎಷ್ಟು ನುಣುಪೆಂದರೆ ಎರಡು ದಿನ ಬಿಟ್ಟರೂ ತಳ ಸೇರುವುದಿಲ್ಲ. ಅಜ್ಜಿಯರ ಪಟಿಕ ನೆನಪಾಯಿತು. 20 ಲೀಟರ್ ಬಕೆಟ್ಟಿಗೆ ಕಾಲು ಚಮಚ ಪುಡಿ, ಒಂದು ನಿಮಿಷ ಜೋರಾಗಿ, ಐದು ನಿಮಿಷ ಮೆಲ್ಲಗೆ ತಿರುವಿದರೆ ಬೆಳಗಾಗುವಷ್ಟರಲ್ಲಿ ಮೇಲಿನ ಮುಕ್ಕಾಲು ಪಾಲು ತಿಳಿ. ನುಗ್ಗೆ ಬೀಜದ ಪುಡಿಯನ್ನೂ ಹಾಕಿ ನೋಡಿದೆ, ಪಟಿಕದಷ್ಟು ತಿಳಿಯಾಗಲಿಲ್ಲ. ಬಕೆಟ್ಟಿನ ನೀರನ್ನು ಕುಡಿಯಲು ಬಳಸಲಿಲ್ಲ. ತೊಳೆದ ನೀರನ್ನು ಹೊಳೆಗೆ ಚೆಲ್ಲಬೇಡಿ. ಜೊತೆಗೊಯ್ಯುವ ಕೆಮಿಕಲ್ ಟಾಯ್ಲೆಟ್ ಖಾಲಿ ಮಾಡುವುದು ಅದಕ್ಕೆಂದೇ ಇರುವ ಡಂಪ್ ಪಾಯಿಂಟ್‌ನಲ್ಲಿ ಮಾತ್ರ.

ಬ್ಯೂಟೇನ್ ಡಬ್ಬಿಯ ಒಲೆ ಮುಂಜಾನೆಯ ಐದಾರು ಡಿಗ್ರಿಯಲ್ಲಿ ಉಸಿರೇ ಬಿಡುವುದಿಲ್ಲ, ಆ ಅನಿಲ ಸೊನ್ನೆಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಎರಡು ಕೆ.ಜಿ. ಪ್ರೊಪೇನ್ ಸಿಲಿಂಡರ್ ಒಯ್ದೆ, ಆರು ದಿನಕ್ಕೆ ಅರ್ಧ ಮುಗಿಯಿತು. ಬರ್ನರಿನ ಮೂರು ಕಡೆ ತಗಡು ನಿಲ್ಲಿಸಿ, ಸಿಲಿಂಡರ್ ತಗಡಿನ ಹೊರಗಿರಲಿ.

ಬ್ಯಾಟರಿ 400 ಡಾಲರ್, ಪ್ಯಾನೆಲ್ 200, ವೈರು-ಪ್ಲಗ್ 60, ಕ್ಯಾನ್‌ಗಳು 80, ಒಟ್ಟು 740ರ ಸುಮಾರು. ಕರೆಂಟ್ ಇರುವ ಕ್ಯಾರವಾನ್ ಪಾರ್ಕ್ ಜಾಗಕ್ಕೆ ರಾತ್ರಿಗೆ 35 ಹಿಡಿದರೂ ಸುಮಾರು 21 ರಾತ್ರಿಗೆ ಖರ್ಚು ವಾಪಸ್. ಈವರೆಗೆ ಹದಿನಾಲ್ಕು ರಾತ್ರಿ ಆಗಿವೆ. ಡೀಸೆಲ್, ಬ್ರೆಡ್ ಮಾತ್ರ ಆ ಪುಟ್ಟ ಊರಲ್ಲೇ ಕೊಳ್ಳುತ್ತೇನೆ.

ದೋಸೆ ಹಿಟ್ಟು ರಾತ್ರಿಯ ಚಳಿಗೆ ಹುಳಿಯಲೇ ಇಲ್ಲ. ಸ್ಟೀಲ್ ಡಬ್ಬಿಗೆ ಕಪ್ಪು ಬಟ್ಟೆ ಸುತ್ತಿ, ಕಿಟಕಿ ಏರಿಸಿದ ಕಾರಿನಲ್ಲಿ ಬಿಸಿಲಿಗೆ ಇಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟ ಹಿಟ್ಟು ಸಂಜೆ ಐದಕ್ಕೆ ಉಬ್ಬಿ ಬಂತು, ರಾತ್ರಿ ಊಟಕ್ಕೆ ದೋಸೆ. ಅಕ್ಕಿ-ಉದ್ದಿನ ಲೆಕ್ಕವನ್ನೂ ಸ್ವಲ್ಪ ಬದಲಿಸಿದ್ದೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.