ಮೊಬೈಲಿನಲ್ಲಿ ಕನ್ನಡ ನೋಟ್ಸ್ ಓದಲಾಗದಿದ್ದಾಗ

ಮಗಳು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ 9ನೇ ತರಗತಿ. ನೋಟ್ಸ್ ವಾಟ್ಸಾಪ್‌ನಲ್ಲಿ ವರ್ಡ್ ಫೈಲ್ ಆಗಿ ಬರುತ್ತದೆ. ಮೊಬೈಲಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೀಟು, ಚುಕ್ಕೆ.

ಫೋನಿನ ಭಾಷೆಯನ್ನು ಮಲಯಾಳದಿಂದ ಕನ್ನಡಕ್ಕೆ ಬದಲಿಸಿದೆ, ಆಗಲಿಲ್ಲ. ಮೂರು ಆಫೀಸ್ ಆ್ಯಪ್ ಹಾಕಿದೆ, ಅದೇ ಕಥೆ. ಕನ್ನಡ ಕೀಬೋರ್ಡ್ ಹಾಕಿದ್ದು ಸುಮ್ನೆ ದಂಡ. ಅದು ಬರೆಯುವುದಕ್ಕೆ, ಓದುವುದಕ್ಕಲ್ಲ.

ತೊಂದರೆ ಫೋನಿನದ್ದಲ್ಲ. ಫೈಲ್ ಟೈಪ್ ಮಾಡಿದ್ದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ. ಅದು ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಕಟ್ಟಿದ್ದು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ.

ಕಂಪ್ಯೂಟರಿನಲ್ಲಿ ಫೈಲ್ ತೆರೆದು ಕನ್ನಡ ಭಾಗ ಮಾತ್ರ ಕಾಪಿ ಮಾಡಿ, ಆಸ್ಕಿಯಿಂದ (ಈ ಹಳೇ ಬಗೆಯ ಫಾಂಟಿಗೆ ಹೇಳುವ ಹೆಸರು) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರಿಗೆ ಹಾಕಿ. ನಡುವಿನ ಇಂಗ್ಲಿಷ್ ಪದ, ರಸಾಯನಶಾಸ್ತ್ರದ ಸೂತ್ರ ಬಿಟ್ಟುಬಿಡಿ. ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಬಂದದ್ದನ್ನು ಹೊಸ ವರ್ಡ್ ಫೈಲಿಗೆ ಪೇಸ್ಟ್ ಮಾಡಿ, ಫಾಂಟ್ ನಿರ್ಮಲಾ ಯುಐ ಇಡಿ. ಅರ್ಕಾವತ್ತು ಒಮ್ಮೆ ನೋಡಿ: ‘ಸೂರ್ಯ’ ಹೋಗಿ ‘ಸೂಯರ್’ ಆಗಿರಬಹುದು. ಆಮೇಲೆ ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ಮಾಡಿ ಕಳಿಸಿದರೆ ಒತ್ತಕ್ಷರವೆಲ್ಲ ಮಸುಕು.