ಶರತ್ಕಾಲ ಎಂದು ಬರೆದರೆ ಭಯ ಹುಟ್ಟಲಿಲ್ಲ

ಅಮೆರಿಕದ ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ‘ದ ಫಾಲ್ ಆಫ್ ದ ಹೌಸ್ ಆಫ್ ಅಷರ್’ ಎಂಬ ಗಾಥಿಕ್ ಕತೆಯನ್ನು, ಅಂದರೆ ಹಳೆಯ ಮನೆ, ಸಾವು, ಭಯಗಳ ಸುತ್ತ ಹೆಣೆದ ಕತೆಯನ್ನು, ಕನ್ನಡಕ್ಕೆ ತರಲು ಕೂತವನು ಮೊದಲ ವಾಕ್ಯದಲ್ಲೇ ತೊಡಕಿಗೆ ಸಿಕ್ಕಿಕೊಂಡೆ. ಮಂಕು ಕವಿದ ಒಂದು ದಿನ, ಒಂಟಿ ಕುದುರೆ ಸವಾರ, ಹೊತ್ತು ಮುಳುಗುವಾಗ ಕಣ್ಣಿಗೆ ಬೀಳುವ ಹಳೆಯ ಮನೆ. ಕಾಲ ಆಟಮ್. ನಿಘಂಟು ಹೇಳಿದಂತೆ ‘ಶರತ್ಕಾಲ’ ಎಂದು ಬರೆದು ಅಕ್ಕನಿಗೆ ಓದಿ ಹೇಳಿದೆ.

“ಶರತ್ಕಾಲ ಅಂದ್ರೆ ದಸರಾ ಹೊತ್ತಲ್ವೇನೋ? ಆಕಾಶ ತಿಳಿಯಾಗಿರುತ್ತೆ, ಬೆಳದಿಂಗಳು ಚೆನ್ನಾಗಿರುತ್ತೆ. ಇವನಿಗ್ಯಾಕೆ ಇಷ್ಟು ಸಂಕಟ?” ಅಂದಳು.

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಶರದೃತು ಅಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ತಿಳಿನೀರು, ಬಿಳಿಮೋಡ, ಹಬ್ಬ. ಪೋ ಹೇಳುತ್ತಿರುವುದು ಎಲ್ಲ ಬಾಡಿ ಕೊಳೆಯಲು ತೊಡಗುವ ಕಾಲ. ಋತುವಿನ ಹೆಸರನ್ನೇ ಬಿಟ್ಟು ‘ಎಲೆ ಉದುರಿ ವರ್ಷ ಮುದಿಯಾಗುತ್ತಿದ್ದ ದಿನಗಳು’ ಎಂದು ಬರೆದೆ. ಮೋಡದ್ದೂ ಅದೇ ಪಾಡು. ಮಳೆಗೆ ಕಾಯುವ ನಮಗೆ ‘ಮೋಡ ಕವಿದಿತ್ತು’ ಅಂದರೆ ಮನಸ್ಸು ಹಿಗ್ಗುತ್ತದೆ. ಅದು ನೆತ್ತಿಗೆ ತಾಕುವಷ್ಟು ಕೆಳಗೆ ಜೋತುಬಿದ್ದಾಗಲೇ ಉಸಿರು ಕಟ್ಟುವುದು. ‘ನಿಶ್ಶಬ್ದ’ ಎಂಬ ಪದ ಗರ್ಭಗುಡಿಯ ಶಾಂತಿಯನ್ನು ಹೊತ್ತು ತಂದಿತು. ಅದನ್ನು ‘ಸದ್ದಡಗಿದ ದಿನ’ ಎಂದು ಬದಲಿಸಿದೆ. ಅಡಗಿದ್ದು ಯಾವಾಗ ಬೇಕಾದರೂ ಹೊರಗೆ ಬರಬಹುದಲ್ಲ.

ಆಮೇಲೆ ವಾಕ್ಯದ ಕಟ್ಟು. ಓದಲು ಸುಲಭವಾಗಲಿ ಎಂದು ನಾಲ್ಕು ತುಂಡು ಮಾಡಿದ್ದೆ. ಮನೆ ಎರಡನೆಯ ತುಂಡಿನಲ್ಲೇ ಕಾಣಿಸಿಕೊಂಡುಬಿಟ್ಟಿತ್ತು. ಪೋ ಇಡೀ ದಿನದ ಪ್ರಯಾಣವನ್ನು ಒಂದೇ ಉಸಿರಿಗೆ ಎಳೆದು ಮನೆಯ ಹೆಸರನ್ನು ಕಟ್ಟಕಡೆಗೆ ಇಟ್ಟಿದ್ದಾನೆ. ಉದ್ದೇಶಿಸಿದ ಪರಿಣಾಮಕ್ಕೆ ಮೊದಲ ವಾಕ್ಯವೇ ದುಡಿಯದಿದ್ದರೆ ಕತೆಗಾರ ಮೊದಲ ಹೆಜ್ಜೆಯಲ್ಲೇ ಸೋತಂತೆ ಎಂದು 1842ರಲ್ಲಿ ಅಮೆರಿಕದ ಇನ್ನೊಬ್ಬ ಕತೆಗಾರ ಹಾಥಾರ್ನ್‌ನ ಕತೆಗಳನ್ನು ವಿಮರ್ಶಿಸುತ್ತ ಹೇಳಿದವನೂ ಅವನೇ. ಸಾಗಿ, ದಾಟಿ, ಬಳಲಿ ಎಂದು ಪೋಣಿಸುತ್ತ ಹೋಗಿ ಮುಖ್ಯ ಮಾತನ್ನು ಕೊನೆಗೆ ಬಿಡುವುದು ಕನ್ನಡದ ಜಾಯಮಾನವೇ ತಾನೆ? ನಾನೇ ಅದನ್ನು ಕಡಿದು ಹಾಕಿದ್ದೆ. ಮತ್ತೆ ಒಂದೇ ವಾಕ್ಯ ಮಾಡಿದೆ.

ಕಟ್ಟಡವನ್ನೂ ವಂಶವನ್ನೂ ಊರಿನವರು ಒಂದೇ ಹೆಸರಿನಿಂದ ಕರೆಯುತ್ತಾರೆ ಎಂದು ಕತೆಯಲ್ಲಿದೆ. ಇಲ್ಲಿ ತಿಣುಕಬೇಕಾಗಲಿಲ್ಲ. ‘ಮನೆ ಮುರಿಯಿತು’ ಅಂದರೆ ನಮಗೆ ಎರಡೂ ಕೇಳಿಸುತ್ತದೆ.

ಮನೆಯೆದುರಿನ ನೀರನ್ನು ಮೊದಲು ‘ಕೆರೆ’ ಅಂದಿದ್ದೆ. ಕೆರೆ ಅಂದರೆ ಏರಿ, ತೂಬು, ದನಕರು, ಬಟ್ಟೆ ಒಗೆಯುವವರ ಮಾತು. ಅಲ್ಲಿ ಒಂಟಿತನಕ್ಕೆ ಜಾಗವಿಲ್ಲ. ‘ಮಡು’ ಅಂದಾಗ ಆಳವೂ ಕಪ್ಪೂ ಬಂದವು. ಮಡು ಇರುವುದು ನದಿಯಲ್ಲಿ, ಇದು ನಿಂತ ನೀರು ಎಂದು ತಿಳಿದೂ ಅದನ್ನೇ ಉಳಿಸಿಕೊಂಡೆ.

ಆ ನೀರಿನ ದಡದಲ್ಲಿ ಪೋ ಮಾಡುವ ಕೆಲಸ ನನಗೆ ಇಡೀ ಕತೆಯಲ್ಲೇ ಅತ್ಯಂತ ಪ್ರಿಯ. ಇದೇ ಗೋಡೆ, ಇದೇ ಕಿಟಕಿ, ಇದೇ ಒಣಮರಗಳನ್ನು ಬೇರೆ ರೀತಿ ಜೋಡಿಸಿಟ್ಟರೆ ಈ ದುಗುಡ ಹೋದೀತು ಎಂದು ನಿರೂಪಕ ಯೋಚಿಸುತ್ತಾನೆ. ಪರೀಕ್ಷೆ ಮಾಡಲೆಂದೇ ಕುದುರೆಯನ್ನು ಅಂಚಿಗೆ ನಡೆಸಿ ನೀರಿನೊಳಗಿನ ತಲೆಕೆಳಗಾದ ಬಿಂಬವನ್ನು ನೋಡುತ್ತಾನೆ. ನಡುಕ ಇನ್ನೂ ಹೆಚ್ಚಾಗುತ್ತದೆ. ಇನ್ನೂ ಯಾರೂ ಸತ್ತಿಲ್ಲ, ಬಾಗಿಲೂ ತೆರೆದಿಲ್ಲ. ಆದರೂ ಓದುವವನಿಗೆ ಇಲ್ಲಿಂದ ತಪ್ಪಿಸಿಕೊಳ್ಳಲಾಗದು ಅನ್ನಿಸುತ್ತದೆ. ಈ ಭಾಗವನ್ನು ಏಳು ಸಲ ತಿದ್ದಿದೆ. ನಾನು ಸೇರಿಸಿದ್ದ ‘ಗವ್ವೆನ್ನುವ’, ‘ಬಿಕೋ ಎನ್ನುವ’ ಇವೆಲ್ಲ ಆಗ ಉದುರಿದವು. ಎಲ್ಲ ಪಾಳುಮನೆಗೂ ಹೊಂದುವ ಮಾತು ಈ ಮನೆಯನ್ನು ಕಾಣಿಸುತ್ತಿರಲಿಲ್ಲ.

ಬಿರುಕಿನ ಸಾಲಿನಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಛಾವಣಿಯಿಂದ ಅಂಕುಡೊಂಕಾಗಿ ಇಳಿದು ನೀರಿನಲ್ಲಿ ಮರೆಯಾಗುವ ಸೀಳು ಅದು. ಸೂಕ್ಷ್ಮವಾಗಿ ನೋಡುವವನ ಕಣ್ಣಿಗೆ ಬಹುಶಃ ಬೀಳಬಹುದಿತ್ತು ಎಂದಷ್ಟೇ ಪೋ ಹೇಳಿ ಮುಂದೆ ಹೋಗುತ್ತಾನೆ. ನಾನು ‘ಭಯಾನಕ ಬಿರುಕು’ ಅಂದಿದ್ದೆ. ಕೊನೆಯಲ್ಲಿ ಅದೇ ಸೀಳಿನೊಳಗಿಂದ ರಕ್ತಗೆಂಪು ಚಂದ್ರ ಕಾಣಬೇಕಾದರೆ ಓದುಗ ಅದನ್ನು ಅರೆಬರೆ ಮರೆತಿರಬೇಕು.

ನೆಲಮಾಳಿಗೆಯನ್ನೂ ಅವನು ಹೀಗೆಯೇ ಇಡುತ್ತಾನೆ. ಸತ್ತಳೆಂದುಕೊಂಡ, ಮನೆಯೊಡೆಯನ ಅವಳಿ ಸೋದರಿ ಮ್ಯಾಡಲೀನಳ ಶವಪೆಟ್ಟಿಗೆ ಇಟ್ಟ ಕೋಣೆ ನಿರೂಪಕ ಮಲಗುವ ಭಾಗದ ನೇರ ಕೆಳಗೆ; ಅದರ ಕಬ್ಬಿಣದ ಬಾಗಿಲು ತಿರುಗುವಾಗ ಕರಕರ ಕೊರೆಯುವ ಸದ್ದು. ಎರಡನ್ನೂ ವರದಿಯ ಹಾಗೆ ಹೇಳಿ ಸುಮ್ಮನಾಗುತ್ತಾನೆ. ಬಿರುಗಾಳಿಯ ರಾತ್ರಿ ದೂರದಿಂದ ಕರಕರ ಕೇಳಿದಾಗ ನಮಗೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಅನುವಾದ ಮುಗಿಯಿತು ಎಂದುಕೊಂಡ ಮೇಲೆ ಒಂದು ಪದ ಕಣ್ಣಿಗೆ ಬಿತ್ತು. ಬಿರುಕು ಮರೆಯಾಗುವ ಆ ನೀರಿಗೆ ಪೋ ಬಳಸಿದ ವಿಶೇಷಣ ‘ಸಲನ್’, ಅಂದರೆ ಮುನಿಸಿಕೊಂಡು ಮಾತು ಬಿಟ್ಟ. ಕೊನೆಯ ವಾಕ್ಯದಲ್ಲಿ ಮನೆಯ ಚೂರುಗಳ ಮೇಲೆ ನೀರು ಮುಚ್ಚಿಕೊಳ್ಳುವಾಗಲೂ ಅದೇ ಪದ, ಕ್ರಿಯಾವಿಶೇಷಣದ ರೂಪದಲ್ಲಿ. ಒಂದೇ ಮಾತು ಎರಡು ಸಲ ಬರಬಾರದೆಂದು ಶಾಲೆಯಲ್ಲಿ ಕಲಿತಿದ್ದ ನಾನು ಮೊದಲ ಕಡೆ ‘ಮ್ಲಾನ’, ಎರಡನೆಯ ಕಡೆ ‘ಮೌನವಾಗಿ’ ಎಂದು ಬರೆದಿದ್ದೆ. ಎರಡನ್ನೂ ಹೊಡೆದುಹಾಕಿದೆ. ಮೊದಲಿಗೆ ‘ಮುನಿದ ನೀರು’, ಕೊನೆಗೆ ‘ಮಡು ಮುನಿದು, ಸದ್ದಿಲ್ಲದೆ, ಮುಚ್ಚಿಕೊಂಡಿತು’.