ಅದುರುವ ತಲೆ, ಅಲುಗದ ಮೈ

‘ಜೇಕಬ್ಸ್ ಲ್ಯಾಡರ್’ ನೋಡಿ ಎಷ್ಟೋ ವರ್ಷಗಳಾದರೂ ಆ ತಲೆ ನನ್ನನ್ನು ಬಿಟ್ಟಿಲ್ಲ. ಮೈ ನೆಟ್ಟಗೆ ನಿಂತಿರುತ್ತದೆ, ತಲೆ ಮಾತ್ರ ಕಣ್ಣು ಮೂಗು ಗುರುತು ಸಿಗದ ಹಾಗೆ ಅದುರುತ್ತದೆ. 1990ರಲ್ಲಿ ಏಡ್ರಿಯನ್ ಲೈನ್ ನಿರ್ದೇಶಿಸಿದ ಸಿನಿಮಾ ಅದು. ವಿಯೆಟ್ನಾಂ ಯುದ್ಧ ಮುಗಿಸಿ ಬಂದು ನ್ಯೂಯಾರ್ಕಿನಲ್ಲಿ ಅಂಚೆ ಇಲಾಖೆಯ ಕೆಲಸಕ್ಕೆ ಸೇರಿದ ಜೇಕಬ್‌ನ ಕಣ್ಣಿಗೆ ಇಂಥವು ಬೀಳತೊಡಗುತ್ತವೆ. ಕೊನೆ ಹೇಳುವುದಿಲ್ಲ, ನೋಡದವರು ಇರಬಹುದು.

ಅಪಘಾತದಲ್ಲಿ ಬದುಕುಳಿದವಳೊಬ್ಬಳ ಬಗ್ಗೆ ಕಿರುಚಿತ್ರ ಮಾಡುವಾಗ ನನಗೆ ಅಂಥದೇ ತಲೆ ಬೇಕಾಯಿತು. ಮೊದಲು ಸೋಮಾರಿ ದಾರಿ ಹಿಡಿದೆ. ಮಾಮೂಲಿಯಾಗಿ ಚಿತ್ರೀಕರಿಸಿ, ಎಡಿಟಿಂಗ್‌ನಲ್ಲಿ ವೇಗವನ್ನು ಆರು ಪಟ್ಟು ಮಾಡಿದೆ. ನೋಡಿದವರೆಲ್ಲ ನಕ್ಕರು. ನನಗೂ ನಗು ಬಂತು. ಹಳೆಯ ಮೂಕಿ ಹಾಸ್ಯಚಿತ್ರದ ಹಾಗಿತ್ತು.

ಲೈನ್ ತಂಡ ಇದನ್ನು ಕ್ಯಾಮೆರಾದಲ್ಲೇ ಮಾಡಿತ್ತು. ಸೆಕೆಂಡಿಗೆ 4 ಫ್ರೇಮಿನಂತೆ, ಅಂದರೆ ನಾಲ್ಕು ಬಿಡಿಚಿತ್ರದಂತೆ, ಚಿತ್ರೀಕರಿಸಿ 24ರಲ್ಲಿ ಓಡಿಸಿದ್ದರು. ವೇಗ ಲೆಕ್ಕಕ್ಕೆ ನನ್ನದೂ ಅಷ್ಟೇ, ಆರು ಪಟ್ಟು. ಎಡವಿದ್ದೆಲ್ಲಿ ಅಂತ ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದಾಗ ಗೊತ್ತಾಯಿತು. ನಾನು ತೆಗೆದದ್ದು ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, 1/48 ಸೆಕೆಂಡ್ ಮಾತ್ರ ತೆರೆದಿರುವಂತೆ, ಹಾಗಾಗಿ ಪ್ರತಿ ಫ್ರೇಮಿನಲ್ಲೂ ಮುಖ ಸ್ಪಷ್ಟ. ನಿಧಾನ ಫ್ರೇಮಿನಲ್ಲಿ ಶಟರ್ 1/8 ಸೆಕೆಂಡಿನಷ್ಟು ಹೊತ್ತು ತೆರೆದಿರಬಹುದು. ಅಷ್ಟರಲ್ಲಿ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿರುತ್ತದೆ. ಕಣ್ಣಿದ್ದ ಜಾಗದಲ್ಲಿ ಬಣ್ಣ ಒರೆಸಿದ ಗೆರೆ. ಹೆದರಿಸುವುದು ಆ ಗೆರೆ, ವೇಗ ಅಲ್ಲ.

ನನ್ನ ಕ್ಯಾಮೆರಾದ ವಿಡಿಯೊದಲ್ಲಿ 4 ಫ್ರೇಮ್ ಇರಲಿಲ್ಲ. ಫೋಟೊ ಮೋಡಿಗೆ ಹಾಕಿ, ಸೆಕೆಂಡಿಗೆ ನಾಲ್ಕರಂತೆ ಒಂದೇ ಸಮನೆ ತೆಗೆಯುತ್ತ ಹೋದೆ. 24 ಸೆಕೆಂಡ್, 96 ಫೋಟೊ; ಪರದೆ ಮೇಲೆ ನಾಲ್ಕೇ ಸೆಕೆಂಡ್. ಶಟರ್ ಅಷ್ಟು ಹೊತ್ತು ತೆರೆದರೆ ಆರು ಪಟ್ಟು ಬೆಳಕು ನುಗ್ಗುತ್ತದೆ, ಮೊದಲ ಟೇಕ್ ಪೂರ್ತಿ ಬೆಳ್ಳಗಾಗಿ ಹೋಯಿತು. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಅನ್ನು ಲೆನ್ಸಿಗೆ ಹಾಕಿದ ಮೇಲೆ ಸರಿಹೋಯಿತು. ನಟನ ಭುಜ ಕೂದಲೆಳೆಯಷ್ಟು ಅಲುಗಿದರೂ ಅದೂ ಆರು ಪಟ್ಟಾಗಿ ಕುಣಿಯುತ್ತದೆ, ಆಟ ಬಯಲಾಗುತ್ತದೆ. ಬೆನ್ನನ್ನು ಗೋಡೆಗೆ ಒತ್ತಿ ಕೂರಿಸಿದೆ. ಮೂರನೇ ಟೇಕಿಗೆ ಅವನಿಗೆ ತಲೆ ಸುತ್ತು ಬಂತು. ಐದು ಟೇಕ್ ಬೇಕೆಂದಿದ್ದವನು ಅಲ್ಲಿಗೇ ನಿಲ್ಲಿಸಿದೆ. ಕತ್ತಿನ ವಿಷಯದಲ್ಲಿ ಹಟ ಮಾಡಬಾರದು.

ಇಷ್ಟು ಒದ್ದಾಡಿ ತೆಗೆದ ನಾಲ್ಕು ಸೆಕೆಂಡನ್ನೂ ಬಳಸುವ ಆಸೆ ಯಾರಿಗಿಲ್ಲ! ಬಳಸಿದೆ. ಎರಡನೇ ಸೆಕೆಂಡಿಗೇ ನೋಡುಗರು ‘ಹೇಗೆ ಮಾಡಿದ್ರಿ?’ ಅಂತ ಕೇಳತೊಡಗಿದರು. ಅಂದರೆ ಭಯ ಹೋಗಿ ಕುತೂಹಲ ಬಂದಿತ್ತು. ಕತ್ತರಿಸುತ್ತ ಕತ್ತರಿಸುತ್ತ 14 ಫ್ರೇಮಿಗೆ ತಂದೆ, ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಅದರ ಶಬ್ದವನ್ನೂ ತೆಗೆದೆ. ಚಿತ್ರದಲ್ಲಿ ಆ ತಲೆಯ ಪಕ್ಕ ಕೂತವರು ತಿರುಗಿಯೂ ನೋಡುವುದಿಲ್ಲ, ಬದುಕುಳಿದ ಅವಳೊಬ್ಬಳೇ ನೋಡುತ್ತಾಳೆ. ಆಘಾತ ಉಂಡವರ ಒಂಟಿತನವನ್ನು ನಾನು ಬರೆದ ಎರಡು ಪುಟ ಸಂಭಾಷಣೆಗಿಂತ ಇದೇ ಚೆನ್ನಾಗಿ ಹೇಳಿತು. ಸಂಭಾಷಣೆ ಕಸದ ಬುಟ್ಟಿ ಸೇರಿತು.

ಪ್ರದರ್ಶನ ಮುಗಿದ ಮೇಲೆ ಹುಡುಗನೊಬ್ಬ ಹತ್ತಿರ ಬಂದು, ‘ಸರ್, ಸೈಲೆಂಟ್ ಹಿಲ್ ಗೇಮಿಂದ ಎತ್ತಿದ್ದೀರಲ್ವಾ?’ ಅಂದ. 1999ರಲ್ಲಿ ಶುರುವಾದ ಆ ಹೆದರಿಸುವ ವಿಡಿಯೊ ಆಟದ ಮೇಲೆ ‘ಜೇಕಬ್ಸ್ ಲ್ಯಾಡರ್’ ನೆರಳಿದೆ. ‘ಅವರು ಎತ್ತಿದ ಕಡೆಯಿಂದಲೇ ನಾನೂ ಎತ್ತಿದ್ದು’ ಅಂದೆ. ಆ ಸಿನಿಮಾದ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡ.